ದೋಣಿಯಲ್ಲಿ ನಿಲ್ಲಬಾರದು

ನಮ್ಮ ಮಾವನವರ ಹಣೆಯ ಮೇಲೆ, ಪೇಟ ಕೂರುವ ಜಾಗದಲ್ಲಿ, ಒಂದು ಗೆರೆಯಿತ್ತು. ಗೆರೆಯಿಂದ ಕೆಳಗೆ ಬಿಸಿಲುಂಡ ಕಂದು ಮುಖ, ಮೇಲೆ ಸಿಪ್ಪೆ ಬಿಡಿಸಿದ ಬಾದಾಮಿಯ ಹಾಗೆ ಬೆಳ್ಳಗಿನ ಬೋಳುತಲೆ. ಮನೆಯಲ್ಲಿ ಆ ಗೆರೆಯನ್ನು ನಾನು ಕಂಡವಳಲ್ಲ. ಸೊಸೆಯ ಬಳೆ ಸದ್ದು ಕೇಳಿದರೆ ಸಾಕು, ಪೇಟ ಇಲ್ಲದಿದ್ದರೆ ಹೆಗಲ ಮೇಲಿನ ವಸ್ತ್ರವಾದರೂ ತಲೆಗೇರುತ್ತಿತ್ತು. ಅದನ್ನು ನಾನು ಮೊದಲು ನೋಡಿದ್ದು ಕುಕ್ಕರಹಳ್ಳಿ ಕೆರೆಯ ನಡುವೆ, ಒಂದು ತೂತು ದೋಣಿಯಲ್ಲಿ.

ದೋಣಿ ಬಂದ ಕಥೆಯೇ ಒಂದು ತಮಾಷೆ. ಮಾವನವರು ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹಳೇ ಸಾಮಾನುಗಳನ್ನೆಲ್ಲ ವಿಲೇವಾರಿ ಮಾಡಿದರಂತೆ. ಜೊತೆಯ ಗುಮಾಸ್ತರು ಗೋಡೆ ಗಡಿಯಾರ ತಂದರು, ನಿಲುವುಗನ್ನಡಿ ತಂದರು, ಬೆತ್ತದ ಕುರ್ಚಿ ತಂದರು. ಇವರು ಎತ್ತಿನ ಗಾಡಿಯ ಮೇಲೆ ದೋಣಿ ಹೇರಿಸಿಕೊಂಡು ಬಂದರು. ಚಾಮರಾಜಪುರಂನ ನಮ್ಮ ಬೀದಿಯವರೆಲ್ಲ ಹೊರಗೆ ಬಂದು ನೋಡಿದರಂತೆ. ಅತ್ತೆಯವರು ಸಾಯುವ ತನಕ ಅದನ್ನು ಮರೆಯಲಿಲ್ಲ. ಮನೆಗೆ ಯಾರು ಬಂದರೂ ಕಾಫಿ ಜೊತೆಗೆ ಅದೂ ಸಮಾರಾಧನೆ: "ಊರವರ ಮನೇಗೆಲ್ಲ ಗಡಿಯಾರ ಬಂತು ಕಣಮ್ಮ, ನಮ್ಮನೇಗೆ ತೂತು ದೋಣಿ ಬಂತು."

ಮಾವನವರು ನಗುತ್ತಿದ್ದರು. "ಗಡಿಯಾರ ಹೊತ್ತು ಎಷ್ಟಾಯ್ತು ಅಂತ ಹೇಳುತ್ತೆ. ನನ್ನ ದೋಣೀಲಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಅದಕ್ಕೇನಂತೀಯ?" ಎನ್ನುವರು.

ಬೇಸಿಗೆ ಬಂತೆಂದರೆ ದಿನಾ ಸಂಜೆ ಕೆರೆ. ಉದ್ದ ಕೋಟು, ಜರಿಯಂಚಿನ ಪೇಟ, ಹಣೆಯಲ್ಲಿ ಅಂಗಾರ, ಬಗಲಲ್ಲಿ ಒಂದು ಜೊತೆ ಹುಟ್ಟು. ದೋಣಿ ಕೆರೆಯ ದಡದಲ್ಲೇ ಕಟ್ಟಿರುತ್ತಿತ್ತು. ಆ ಪೇಟ ನೋಡಿ ಕೆರೆ ಕಾವಲಿನವನು ಸಲಾಮು ಹೊಡೆದು ಸುಮ್ಮನಾಗುತ್ತಿದ್ದ. ದೋಣಿಗೆ ಎಷ್ಟು ಸಲ ಅರಗು, ಡಾಂಬರು ಮೆತ್ತಿದರೂ ಎಲ್ಲೋ ಒಂದು ಕಡೆ ಜಿನುಗುವುದು. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ನೀರು ಮೊಗೆದು ಚೆಲ್ಲುತ್ತಿರಬೇಕು. ಆ ಕೆಲಸಕ್ಕೆ ಮಾವನವರ ಸ್ನೇಹಿತರೊಬ್ಬರು ಹೋಗುತ್ತಿದ್ದರು; ಮಂಡಿ ನೋವು ಬಂದು ಅವರು ಮಗಳ ಊರಿಗೆ ಹೊರಟುಹೋದರು. ನಮ್ಮ ಯಜಮಾನರೋ, ಬಚ್ಚಲಮನೆಯಲ್ಲೂ ನೀರು ಕಂಡರೆ ಹುಷಾರಾಗಿರುವ ಪ್ರಾಣಿ. ಕೊನೆಗೆ ಅತ್ತೆಯವರೇ ಅಂದರು, "ಇವಳನ್ನ ಕರ್ಕೊಂಡು ಹೋಗಿ. ನೀವೊಬ್ಬರೇ ಹೋದ್ರೆ ನನಗೆ ಜೀವದಲ್ಲಿ ಜೀವ ಇರಲ್ಲ."

ಸೊಸೆ ಮಾವನ ಜೊತೆ ದೋಣಿಯಲ್ಲಿ ಹೋದರೆ ಜನ ಏನಂದಾರು? ಅದಕ್ಕೂ ಅತ್ತೆಯವರೇ ದಾರಿ ಕಂಡುಕೊಂಡರು. ಮೊರದ ತುಂಬ ಮಲ್ಲಿಗೆ ಮೊಗ್ಗು ಹಿಡಿದು ನಮ್ಮ ಜೊತೆಗೇ ಬಂದು, ಕೆರೆ ಏರಿಯ ಮೇಲೆ ಹೂ ಕಟ್ಟುತ್ತ ಕೂತರು. ಒಂದು ಕಣ್ಣು ಹೂವಿನ ಮೇಲೆ, ಇನ್ನೊಂದು ನಮ್ಮ ಮೇಲೆ. ನೀರು ಮೊಗೆಯಲು ಬಚ್ಚಲಮನೆಯ ಚೊಂಬು ಕೊಟ್ಟರು. ಅಡುಗೆಮನೆಯದು ಮೈಲಿಗೆಯಾಗುತ್ತದಲ್ಲ!

ಮೊದಲ ಸಂಜೆ ದೋಣಿಗೆ ಕಾಲಿಟ್ಟವಳೇ ನಾನು ಸೆರಗು ಹೊದ್ದು ತಲೆ ತಗ್ಗಿಸಿ ನಿಂತುಬಿಟ್ಟೆ. ಮತ್ತೇನು ಮಾಡಲಿ? ನಮ್ಮ ಮನೆಯಲ್ಲಿ ಸೊಸೆ ಮಾವನ ಮುಂದೆ ಕೂರುವ ಪದ್ಧತಿಯೇ ಇರಲಿಲ್ಲ. ಅವರು ಹಜಾರಕ್ಕೆ ಬಂದರೆ ನಾನು ಎದ್ದು ಬಾಗಿಲ ಮರೆಗೆ. ಮಾತು ಬೇಕಾದರೆ ಅತ್ತೆಯವರ ಮೂಲಕ. ಮದುವೆಯಾಗಿ ವರ್ಷಗಳಾಗಿದ್ದರೂ ಅವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ನಾನು ನಿಂತೆ, ದೋಣಿ ವಾಲಿತು.

"ಕೂತ್ಕೋಮ್ಮ. ದೋಣೀಲಿ ನಿಲ್ಲಬಾರದು" ಅಂದರು ಮಾವನವರು.

"ಪರವಾಗಿಲ್ಲ ಮಾವ."

"ನಿನಗೆ ಪರವಾಗಿಲ್ಲ ಕಣಮ್ಮ, ನನಗೆ ಈಜು ಬರಲ್ಲ!"

ಅಯ್ಯೋ ದೇವರೇ, ಇಷ್ಟು ವರ್ಷ ದೋಣಿ ನಡೆಸಿದವರಿಗೆ ಈಜು ಬರುವುದಿಲ್ಲವಂತೆ! ಧೊಪ್ಪನೆ ಕೂತೆ. ಎದುರುಬದುರೇ ಕೂರಬೇಕು, ಬೇರೆ ಹಲಗೆಯೇ ಇಲ್ಲ. ಏರಿಯ ಮೇಲೆ ಅತ್ತೆಯವರು ನಾಚಿಕೊಂಡು ಮುಖ ತಿರುಗಿಸಿದ್ದು ನನಗೆ ಕಂಡಿತು. ದೋಣಿ ಸ್ವಲ್ಪ ದೂರ ಹೋದ ಮೇಲೆ ಮಾವನವರು ಪೇಟ ತೆಗೆದು ನನ್ನ ಮಡಿಲಿಗೆ ಕೊಟ್ಟರು. "ನೆನೆಯದ ಹಾಗೆ ಹಿಡ್ಕೋ." ಆಗ ಕಂಡಿದ್ದು ಆ ಗೆರೆ.

ಮನೆಯಲ್ಲಿ ನನ್ನೊಡನೆ ಮೂರು ಮಾತಾಡದ ಮನುಷ್ಯ ನೀರಿನ ಮೇಲೆ ಬೇರೆಯೇ ಆಗುತ್ತಿದ್ದರು. ಅಗೋ ನೀರುಕಾಗೆ, ನೋಡು ಹೇಗೆ ರೆಕ್ಕೆ ಒಣಗಿಸುತ್ತೆ, ಥೇಟು ನಿಮ್ಮತ್ತೆ ಸೀರೆ ಹರವಿದ ಹಾಗೆ, ಅನ್ನುವರು. ಹೊತ್ತು ಇಳಿದು ಚಾಮುಂಡಿ ಬೆಟ್ಟ ಕೆಂಪಾದಾಗ ಹುಟ್ಟು ಎತ್ತಿಟ್ಟು ಸುಮ್ಮನೆ ಕೂತುಬಿಡುವರು. ತಣ್ಣನೆ ಗಾಳಿ, ಮರಕ್ಕೆ ಮರಳುವ ಬೆಳ್ಳಕ್ಕಿ, ನನ್ನ ಚೊಂಬಿನ ಗುಳುಗುಳು. ಅವರದು ಒಂದೇ ಕಟ್ಟುಪಾಡು: "ದೋಣೀಲಿ ಮನೆ ಮಾತು ಬೇಡ. ಭಾರ ಆಗುತ್ತೆ." ಆ ಬೇಸಿಗೆ ನಾನು ಎಷ್ಟು ಸುಖವಾಗಿದ್ದೆ ಅಂದರೆ, ಮಧ್ಯಾಹ್ನ ಹಪ್ಪಳ ಒತ್ತುವಾಗಲೂ ಸಂಜೆಯದೇ ಧ್ಯಾನ.

ಆದರೆ ಮನೆಯಲ್ಲಿ ಒಂದು ಮಾತು ಬೆಳೆಯುತ್ತಿತ್ತು. ನನಗೆ ಮಕ್ಕಳಾಗಿರಲಿಲ್ಲ. ಹರಕೆಯಾಯಿತು, ಅಶ್ವತ್ಥ ಕಟ್ಟೆ ಸುತ್ತಿದ್ದಾಯಿತು, ಲೇಹ್ಯ ತಿಂದದ್ದಾಯಿತು. ಒಂದು ದಿನ ಅತ್ತೆಯವರು ಒಲೆ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದರು: "ನಮ್ಮಣ್ಣ ಭಾನುವಾರ ಬರ್ತಾನೆ. ಅವನ ಕಡೆಯವರದು ಒಂದು ಹೆಣ್ಣಿದೆಯಂತೆ. ನಿನ್ನ ಯಾರೂ ಕಳಿಸಲ್ಲ ಕಣೇ, ನೀನೂ ಇರು, ಅವಳೂ ಇರಲಿ. ವಂಶ ಬೆಳೀಬೇಕಲ್ಲ." ಅತ್ತೆಯವರು ಕೆಟ್ಟವರಲ್ಲ, ಹೇಳುತ್ತ ಹೇಳುತ್ತ ಒಲೆಯ ಸೌದೆಯನ್ನು ಸುಮ್ಮಸುಮ್ಮನೆ ಹಿಂದೆ ಮುಂದೆ ಸರಿಸುತ್ತಿದ್ದರು. ಆಗಿನ ಕಾಲ ಹಾಗಿತ್ತು. ರಾತ್ರಿ ಯಜಮಾನರನ್ನು ಕೇಳಿದರೆ, "ಅಪ್ಪ ಹೇಗೆ ಹೇಳಿದರೆ ಹಾಗೆ" ಅಂದು ಮಗ್ಗುಲಾದರು. ಒಳ್ಳೆಯವರೇ, ಆದರೆ ಬೆಣ್ಣೆ.

ಮರುದಿನ ಸಂಜೆ ದೋಣಿಯಲ್ಲಿ ನನ್ನ ಕೈ ಓಡಲಿಲ್ಲ. ನೀರು ಪಾದ ಮುಳುಗುವಷ್ಟು ಬಂದರೂ ಚೊಂಬು ಹಿಡಿದು ಕೂತೇ ಇದ್ದೆ.

"ಏನಮ್ಮ?" ಅಂದರು.

ಕಟ್ಟುಪಾಡು ಗಿಟ್ಟುಪಾಡು ಎಲ್ಲ ಮರೆತು ಕೇಳಿಬಿಟ್ಟೆ, "ಮಾವ, ಇನ್ನೊಬ್ಬಳು ಬಂದರೆ ನಾನು ಈ ಮನೇಲಿ ಯಾರು?"

ಅವರು ಹುಟ್ಟು ನಿಲ್ಲಿಸಿದರು. ಕೊನೆಗೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ತಾವೇ ನೀರು ಮೊಗೆಯತೊಡಗಿದರು. ಏರಿಯಿಂದ ಅತ್ತೆಯವರ ಕೂಗು: "ಏನೂಂದ್ರೆ, ದೋಣಿ ಯಾಕೆ ನಿಂತೋಯ್ತು?" ಇವರು ಉತ್ತರ ಕೊಡಲಿಲ್ಲ, ನನಗೂ ಕೊಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ನನ್ನ ತವರಿನಲ್ಲಿ ಹೇಳಿಕೊಟ್ಟಿದ್ದರು. ಆಯಿತು, ನನ್ನ ಋಣ ಇಷ್ಟೇ ಅಂದುಕೊಂಡೆ.

ಭಾನುವಾರ ಅತ್ತೆಯವರ ಅಣ್ಣ ಬಂದರು. ರಸಪೂರಿ ಮಾವಿನಹಣ್ಣಿನ ಬುಟ್ಟಿ ಇಳಿಸಿ, ಹಜಾರದಲ್ಲಿ ಕೂತು, ಗಂಟಲು ಸರಿ ಮಾಡಿಕೊಂಡು, "ಭಾವನವರೇ, ನಾನು ಬಂದ ವಿಷಯ..." ಎಂದು ಶುರು ಮಾಡಿದರು. ನಾನು ಕಾಫಿ ಲೋಟ ಇಟ್ಟು ಬಾಗಿಲ ಮರೆಗೆ ಹೊರಟೆ.

"ಅಮ್ಮಾ, ಇಲ್ಲಿ ಬಾ. ಕೂತ್ಕೋ" ಅಂದರು ಮಾವನವರು, ತಮ್ಮ ಎದುರಿನ ಕುರ್ಚಿ ತೋರಿಸಿ.

ಅತ್ತೆಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಮ್ಮ ಯಜಮಾನರು ಗೋಡೆಗೆ ಅಂಟಿಕೊಂಡರು. ನಾನು ನಿಂತೇ ಇದ್ದೆ.

"ದೋಣೀಲಿ ಕೂರಲ್ವೇನಮ್ಮ? ಹಾಗೇ ಕೂತ್ಕೋ."

ಕೂತೆ. ಮಾವನವರು ಪೇಟ ತೆಗೆದು, ದಿನಾ ಮಾಡುವ ಹಾಗೆ, ನನ್ನ ಮಡಿಲಲ್ಲಿಟ್ಟರು. ಆಮೇಲೆ ಭಾವಮೈದುನನ ಕಡೆ ತಿರುಗಿ, "ವಿಷಯ ಇವಳದು ತಾನೇ? ಇವಳು ಕೂತು ಕೇಳಲಿ. ಈಗ ಹೇಳಿ" ಅಂದರು.

ಆ ಮಹಾನುಭಾವರು ನನ್ನ ಮುಖ ನೋಡಿದರು. ಮಡಿಲಲ್ಲಿದ್ದ ಪೇಟ ನೋಡಿದರು. ಬಾಗಿಲ ಹಿಂದಿರುವವಳ ವಿಷಯ ಎಷ್ಟು ಬೇಕಾದರೂ ಆಡಬಹುದು. ಎದುರಿಗೆ ಕೂತವಳ ಮುಂದೆ ನಾಲಿಗೆ ಹೊರಳಬೇಕಲ್ಲ. ಕಾಫಿ ಗುಟುಕರಿಸಿದರು, ಬೆವರೊರೆಸಿಕೊಂಡರು. "ಅದೇ... ಈ ಸಲ ಮಾವಿನ ಫಸಲು ಅಷ್ಟಕ್ಕಷ್ಟೇ" ಅಂದರು. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು.

ಅವರು ಹೋದ ಮೇಲೆ ಅತ್ತೆಯವರು ಯಾರೊಂದಿಗೂ ಮಾತಾಡಲಿಲ್ಲ. ಪಾತ್ರೆಗಳು ಮಾತ್ರ ದಡಬಡ ಮಾತಾಡಿದವು. ಬಿಸಿಲಿಳಿದಾಗ ನಾನು ಅಡುಗೆಮನೆಯಲ್ಲಿ ಮುದುರಿ ಕೂತಿದ್ದೆ. ಅತ್ತೆಯವರು ಮೊರ ಹಿಡಿದು ಬಂದು ನಿಂತರು. "ಇನ್ನೂ ಕೂತಿದ್ದೀಯಲ್ಲೇ, ಹೊತ್ತಾಗ್ಲಿಲ್ವಾ? ಚೊಂಬು ತಗೋ." ನಾನು ಅಲ್ಲೇ ಗೊಳೋ ಅಂತ ಅತ್ತುಬಿಟ್ಟೆ. ಎರಡನೇ ಮದುವೆಯ ಆ ಮಾತು ಮತ್ತೆಂದೂ ನಮ್ಮ ಮನೆಯಲ್ಲಿ ಎದ್ದಿಲ್ಲ.

ಕೆಲವು ಬೇಸಿಗೆ ಕಳೆದ ಮೇಲೆ ದೋಣಿಯ ತಳವೇ ಕೊಳೆತುಹೋಯಿತು. ಹಂಡೆ ಒಲೆಗೆ ಸೀಳಿಹಾಕೋಣ ಅಂದರು ನಮ್ಮ ಯಜಮಾನರು. ಬೇಡ ಅಂದವರು ಯಾರು ಗೊತ್ತೇ? ಅತ್ತೆಯವರು! ಮನೆಗೆ ತರಿಸಿ, ಹಿತ್ತಲಲ್ಲಿ ಮಗುಚಿಹಾಕಿಸಿ ಅದರ ಮೇಲೆ ಹೀರೇಬಳ್ಳಿ ಹಬ್ಬಿಸಿದರು.

ಮಾವನವರು ಹೋದದ್ದು ಅರವತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ, ಅವರ ಕೆರೆ ಹೊತ್ತಿನಲ್ಲೇ. ಕೋಣೆಯ ತುಂಬ ನೆಂಟರು, ಹಿರಿಯರು. ನಾನು ಅಭ್ಯಾಸಬಲದಿಂದ ಬಾಗಿಲ ಬಳಿ ನಿಂತಿದ್ದೆ. ಪೇಟ ಗೂಟದ ಮೇಲಿತ್ತು. ಹಣೆಯ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಮಾತು ಆಗಲೇ ನಿಂತುಹೋಗಿತ್ತು. ಕಣ್ಣು ಬಿಟ್ಟು ಸುತ್ತ ನೋಡಿ, ಮಂಚದ ಅಂಚನ್ನು ಕೈಯಿಂದ ಮೆಲ್ಲಗೆ ತಟ್ಟಿದರು. ನೀರು ಬೇಕೇನೋ ಅಂದರು ಒಬ್ಬರು, ದಿಂಬು ಸರಿಮಾಡಿ ಅಂದರು ಇನ್ನೊಬ್ಬರು. ಮಾವನವರು ಮತ್ತೆ ತಟ್ಟಿದರು.

ಅತ್ತೆಯವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಬಾರೇ, ಬಂದು ಕೂತ್ಕೊಳ್ಳೇ. ಅವರು ಕರೀತಿರೋದು ನಿನ್ನ."

ಅಷ್ಟು ಹಿರಿಯರ ಮುಂದೆ ಹೋಗಿ ಮಂಚದ ಮೇಲೆ ಅವರೆದುರು ಕೂತೆ, ಕೈ ಹಿಡಿದುಕೊಂಡೆ. ತಟ್ಟುವುದು ನಿಂತಿತು.

ನನಗೆ ಮಕ್ಕಳಾಗಲಿಲ್ಲ. ಅತ್ತೆಯವರೂ ಹೋದರು, ಯಜಮಾನರೂ ಹೋದರು. ಈ ಮನೆಯ ಹಜಾರದಲ್ಲಿ ಅದೇ ಕುರ್ಚಿಯ ಮೇಲೆ ನಾನು ಇವತ್ತೂ ಕೂತಿದ್ದೀನಿ ಅಂದರೆ, ಕೂರಿಸಿದವರು ಅವರು.