ಸಿಂಚನಾಳ ಅಳು

ಗಿರಿಜಕ್ಕಾ, ನಿನ್ನ ಮಗಳ ಅಳುವನ್ನು ಯುದ್ಧಕ್ಕೆ ಕೊಟ್ಟವನು ನಾನು — ನಿನ್ನ ಒಡಹುಟ್ಟಿದ ತಮ್ಮ. ನಿನ್ನೆ ನ್ಯಾಮತಿಯಿಂದ ಫೋನ್ ಮಾಡಿ, "ಸಣ್ಣೋನಿಗೂ ಕಿವಿ ಚುಚ್ಚಿಸ್ಬೇಕು, ಸೋದರಮಾವ ಇಲ್ದೆ ಹೆಂಗಾಗ್ತತೋ, ಗುರುವಾರ ಬಂದ್ಬಿಡು" ಅಂದೆಯಲ್ಲ, ಆಗಲೇ ಹೇಳಬೇಕಿತ್ತು. ಹೂಂ ಅಂದುಬಿಟ್ಟೆ.

ಜಗಳೂರಿನ ಅಂಗಡಿಯಲ್ಲಿ ಔಷಧಿ ಹೊಡೆಯುವ ಡ್ರೋನ್ ರಿಪೇರಿ ಮಾಡುತ್ತಾ ನಾನೊಂದು ಯಂತ್ರ ಕಟ್ಟಿದ್ದು ನಿನಗೆ ಗೊತ್ತು. ಆಳೆತ್ತರದ ಮೆಕ್ಕೆಜೋಳದೊಳಗೆ ಹೊಕ್ಕ ಕುರಿಮರಿ ಹುಡುಕುವುದಕ್ಕೆ. ಉಪಾಯ ನನ್ನದಲ್ಲ, ಕುರಿ ಕಾಯುವ ಮೈಲಪ್ಪಜ್ಜನದು. "ನೀ ಎಷ್ಟ್ ಹುಡುಕಿದ್ರೂ ಮರಿ ಮಿಸುಕಲ್ಲ ಕಣಪ್ಪ. ತಾಯಿನ ಕೂಗ್ಸು, ತಾನೇ ಎದ್ದು ಬರ್ತತೆ" ಅಂದಿದ್ದ. ಡ್ರೋನಿಗೆ ಪುಟ್ಟ ಸ್ಪೀಕರ್ ಕಟ್ಟಿ ತಾಯಿಕುರಿಯ ಕೂಗು ಹಾಕಿದೆ. ಮರಿಗಳು ಎದ್ದು ಬಂದವು. ಅಜ್ಜ ಬೆನ್ನು ತಟ್ಟಿದ. ಎಂಥ ಹೆಮ್ಮೆ ನನಗೆ!

ಅದರ ವಿಡಿಯೋ ನೋಡಿ ನಾಲ್ಕು ವರ್ಷದ ಹಿಂದೆ ಒಬ್ಬ ಬಂದ. ಹೊರದೇಶದ ಸೈನ್ಯಕ್ಕೆ ಡ್ರೋನ್ ಮಾಡಿಕೊಡುವ ಕಂಪನಿಯವನು — ಮುಚ್ಚಿಡಲಿಲ್ಲ, ಬಂದ ಕೂಡಲೇ ಹೇಳಿದ. ಚಹಾ ಕುಡಿಯುತ್ತಾ ಕೇಳಿದ: "ಮನೆಯೊಳಗೆ ಅಡಗಿದ ಜನ ಹೊರಗೆ ಬರಬೇಕಾದ್ರೆ ಯಾವ ಸೌಂಡ್ ಹಾಕ್ಬೇಕ್ರೀ?"

ಎದ್ದು ನಡಿ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು, ಅಷ್ಟಾದರೂ. ಆದರೆ ನನಗೆ ಉತ್ತರ ಗೊತ್ತಿತ್ತು ಅಕ್ಕಾ — ಗೊತ್ತಿದ್ದನ್ನು ಹೇಳದೆ ಇರಲಾರದ ಚಪಲ, ಆ ಹಾಳು ಜಾಣತನ... "ಮಗು ಅಳೋದು ಕೇಳ್ಸಿರಿ. ಯಾವ ತಾಯಿಗೂ ಒಳಗೆ ಕೂರಾಕೆ ಆಗಲ್ಲ" ಅಂದೆ. ಅಂದು ಸುಮ್ಮನಿರಲಿಲ್ಲ, ಫೋನ್ ತೆಗೆದೆ. ಹಿಂದಿನ ವಾರವಷ್ಟೇ ಸಿಂಚನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದ್ದೆ. ಅಕ್ಕಸಾಲಿ ಆಚಾರ್ರು ತಂತಿ ಚುಚ್ಚುವಾಗ ಒಂದು ಕೈಯಲ್ಲಿ ಅವಳನ್ನು ಅವುಚಿಕೊಂಡು ಇನ್ನೊಂದರಲ್ಲಿ ರೆಕಾರ್ಡ್ ಮಾಡಿದ್ದೆ. ಅದನ್ನೇ ಕಳಿಸಿದೆ. ಅವನು "ಬ್ರಿಲಿಯಂಟ್" ಅಂದ. ನಾನು ನಕ್ಕೆ. ನಕ್ಕೆ, ಅಕ್ಕಾ.

ಹೋದ ತಿಂಗಳು ಮೊಬೈಲಿಗೆ ಒಂದು ವಿಡಿಯೋ ಬಂತು. ಎಲ್ಲಿಯದೋ ಗೋಡೆ ಬಿದ್ದ ಓಣಿ, ಮೇಲೆ ಡ್ರೋನ್, ಮಗುವಿನ ಅಳು. ಯಾವ ಮಗುವೋ ಏನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಳುವಿನ ಹಿಂದೆಯೇ ನಿನ್ನ ದನಿ — "ಆತು ಬಿಡವ್ವ, ಮುಗೀತು, ಇಲ್ಲೇ ಅದೀನಿ ನೋಡು." ಕತ್ತರಿಸದೆ ಹಾಗೇ ಕಳಿಸಿದ್ದೆ ನಾನು. ಆ ಊರಲ್ಲಿ ನಿನ್ನ ಮಾತು ಯಾರಿಗೂ ತಿಳಿಯದು. ಅಳು ತಿಳಿಯುತ್ತದೆ. ಒಬ್ಬ ಹೆಂಗಸು ಬಾಗಿಲು ತೆಗೆದು ಬರಿಗಾಲಲ್ಲೇ ಓಡಿ ಬಂದಳು, ಎತ್ತಿಕೊಳ್ಳಲು ಕೈ ಚಾಚಿಕೊಂಡು. ಗುಂಡು ಬಿತ್ತು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಕಂಪನಿಯವನ ನಂಬರು ಹತ್ತುತ್ತಿಲ್ಲ. ಹತ್ತಿದರೂ ಏನು? ಆ ಅಳು ಈಗ ಎಷ್ಟು ಯಂತ್ರಗಳಲ್ಲಿದೆಯೋ — ನಾನು ಇದನ್ನು ಬರೆಯುವಾಗಲೂ ಎಲ್ಲೋ ನಮ್ಮ ಸಿಂಚನಾ ಅಳುತ್ತಿರಬಹುದು, ನೀನು ರಮಿಸುತ್ತಿರಬಹುದು. ತಡೆಯುವ ದಾರಿ ನನಗೆ ಗೊತ್ತಿಲ್ಲ.

ಗುರುವಾರ ನಾನು ಬರುವುದಿಲ್ಲ. ಸಣ್ಣವನನ್ನು ಬೇರೆ ಯಾರ ತೊಡೆಯ ಮೇಲಾದರೂ ಕೂರಿಸು. ಮಾವ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಈ ಕಾಗದ ಓದಿ ಹೇಳು. ಓದು ಕಲಿತ ಮೇಲೆ ಸಿಂಚನಾಳ ಕೈಗೂ ಕೊಡು.