ಡಾಲ್ಫಿನ್‌ಗೆ ಹಾಕಿದ ಸವಾಲು

ನಾನು ಡಾಲ್ಫಿನ್ ಜೊತೆ ಹಾಡಿದ ವಿಡಿಯೋವನ್ನು ಈಗಲೂ ಯಾರಾದರೊಬ್ಬರು ನನಗೇ ಕಳಿಸುತ್ತಾರೆ. ಕೆಳಗೆ ಚಪ್ಪಾಳೆಯ ಚಿತ್ರ, ‘ನಮ್ಮ ಅಫಜಲಪುರದ ಹೆಮ್ಮೆ’ ಅಂತ ಒಂದು ಸಾಲು. ನೋಡಿದಾಗೆಲ್ಲ ಫೋನನ್ನು ಭೀಮಾ ನದಿಗೆ ಒಗೆಯಬೇಕು ಅನ್ನಿಸುತ್ತದೆ.

ನಾನು ಮತ್ತು ಅಕ್ಕ ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಹುಟ್ಟಿ ಸವಾಲ್-ಜವಾಬಿನ ಹಾಡು ಕಲಿತವರು. ಒಂದು ಮೇಳ ಗಂಡು ಹೆಚ್ಚು ಅಂತ ಹಾಡಿ ಸವಾಲು ಹಾಕುತ್ತದೆ, ಎದುರಿನ ಮೇಳ ಹೆಣ್ಣು ಹೆಚ್ಚು ಅಂತ ಜವಾಬು ಕೊಡುತ್ತದೆ. ನಾನು ಹೆಣ್ಣಾದರೂ ಸವಾಲು ನನ್ನದು, ಜವಾಬು ಅಕ್ಕನದು. ಆಳಂದದಿಂದ ಜೇವರ್ಗಿಯ ತನಕ ನಮ್ಮಿಬ್ಬರ ಜಗಳ ಕೇಳದ ಊರಿಲ್ಲ. ಇದರಲ್ಲಿ ಒಂದೇ ರಿವಾಜು. ಸವಾಲು ಹಾಕಿದ ಮೇಲೆ ಕೈಯಲ್ಲಿ ಬಾರಿಸುತ್ತಿದ್ದ ದಪ್ಪು ಕೆಳಗಿಟ್ಟು ಸುಮ್ಮನೆ ಕೂರಬೇಕು. ಎದುರಿನವರು ನೀರು ಕುಡಿಯಲಿ, ಕೆಮ್ಮಲಿ, ಎಲೆಅಡಿಕೆ ಹಾಕಿಕೊಳ್ಳಲಿ, ಅವರ ಜವಾಬು ಮುಗಿಯುವ ತನಕ ಬಾಯಿ ಹಾಕುವಂತಿಲ್ಲ. ಹಾಕಿದರೆ ಸೋತಂತೆ.

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅಕ್ಕನ ದನಿ ಹೋಯಿತು. ಈಗ ಪಿಸುಮಾತು ಮಾತ್ರ. ಬೇರೆಯವರನ್ನು ಎದುರಿಗೆ ಕೂರಿಸಿ ನೋಡಿದೆ, ಎಲ್ಲ ಬಾಯಿಪಾಠದವರು. ನನ್ನ ಸವಾಲಿಗೆ ಜವಾಬೇ ಇಲ್ಲದಂತಾಯಿತು. ಅದು ಎಂಥ ಹಸಿವು ಅಂತ ಹಾಡದವರಿಗೆ ಹೇಳಿ ಪ್ರಯೋಜನವಿಲ್ಲ.

ಆಗ ಬೆಂಗಳೂರಿನಿಂದ ವಿಡಿಯೋ ಮಾಡುವ ಒಬ್ಬ ಮನುಷ್ಯ ಬಂದ. ಕಾರವಾರದ ಸಮುದ್ರದಲ್ಲಿ ಡಾಲ್ಫಿನ್‌ಗಳಿವೆ, ನೀವು ದೋಣಿಯಲ್ಲಿ ಕೂತು ಹಾಡಿ, ನೀರಿಗೆ ಸ್ಪೀಕರ್ ಬಿಡುತ್ತೇವೆ, ಮೈಕೂ ಬಿಡುತ್ತೇವೆ, ಅವು ಏನಾದರೂ ಅಂದರೆ ನಿಮಗೆ ಕೇಳುತ್ತದೆ ಅಂದ. ಮಂದಿ ನಕ್ಕರು. ಅಕ್ಕ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, “ಹೋಗಿ ಬಾ. ಅದು ಏನ್ ಜವಾಬ್ ಕೊಡ್ತದ, ನನಗ ಬಂದು ಹೇಳು” ಅಂದಳು.

ಕಾರವಾರದಲ್ಲಿ ಮೊದಲ ಒಂದು ತಾಸು ಬರೀ ದುಂಡಾವರ್ತಿ. ಎಲ್ಲಿ ಬೆನ್ನು ಕಂಡರೂ ಅಲ್ಲಿಗೆ ದೋಣಿ ಓಡಿಸು ಅನ್ನುತ್ತಿದ್ದ ಆ ಮನುಷ್ಯ. ಎಂಜಿನ್ ಗದ್ದಲಕ್ಕೆ ಅವು ಮುಳುಗಿ ಮತ್ತೆಲ್ಲೋ ಏಳುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

“ಯಾರರ ಮನಿಗೆ ಹಿಂಗ ಹೋಗ್ತಾರೇನ್ರಿ? ಮೊದಲ ಅದನ್ನ ಬಂದ್ ಮಾಡ್ರಿ” ಅಂದೆ. ದೋಣಿಯವನು ವಿಡಿಯೋದವನ ಮುಖ ಸಹ ನೋಡದೆ ಎಂಜಿನ್ ಆರಿಸಿದ.

ನಾನು ಹಾಡಿದೆ, ಅಕ್ಕನಿಗೆ ಹಾಕುತ್ತಿದ್ದ ಹಳೆಯ ಸವಾಲನ್ನೇ. ಮುಗಿಸಿ, ದಪ್ಪು ಕೆಳಗಿಟ್ಟು, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಬರೀ ನೀರಿನ ಗುಳುಗುಳು.

“ಯಾಕೆ ನಿಲ್ಲಿಸಿದ್ರಿ ಮೇಡಂ? ಮರೆತುಹೋಯ್ತಾ?” ಅಂದ ವಿಡಿಯೋದವನು.

“ಜವಾಬ್ ಬರೂತನ ಕಾಯಾಕತ್ತೇನ್ರಿ.”

“ಕ್ಯಾಮೆರಾ ಓಡ್ತಿದೆ. ನೀವು ಸುಮ್ನೆ ಕೂತ್ರೆ ಯಾರು ನೋಡ್ತಾರೆ? ಹಾಡಿ, ಹಾಡಿ!”

ಅಷ್ಟರಲ್ಲಿ ಕಿವಿಯಲ್ಲಿ ಬಂತು. ಸಣ್ಣ ಸಿಳ್ಳೆ. ಏರಿತು, ಇಳಿಯಿತು, ಮತ್ತೆ ಏರತೊಡಗಿತು. ನನಗೇ ಹೇಳಿದ್ದೋ ತನ್ನವರಿಗೆ ಹೇಳಿದ್ದೋ, ದೇವರೇ ಬಲ್ಲ. ಅವನು ಕೈ ಬೀಸಿ ಮತ್ತೆ ಕೂಗಿದ. ನಾನು ಹಾಡಿಬಿಟ್ಟೆ. ಸಿಳ್ಳೆ ಅರ್ಧಕ್ಕೇ ನಿಂತಿತು. ಆಮೇಲೆ ಎಷ್ಟು ಹೊತ್ತು ಕಾದರೂ ಒಂದು ಬೆನ್ನೂ ಕಾಣಲಿಲ್ಲ.

ವಿಡಿಯೋಗೆ ‘ಜುಗಲ್‌ಬಂದಿ’ ಅಂತ ಹೆಸರಿಟ್ಟ. ಅವನ ತಲೆ! ಒಬ್ಬರು ಮಾತಾಡುವಾಗ ಇನ್ನೊಬ್ಬರು ಅರಚುವುದು ಜುಗಲ್‌ಬಂದಿಯಾದರೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ದಿನಾ ನಡೆಯುತ್ತದೆ. ಸರಸಂಬಾ ಊರಿನವರು ಕರೆದು ಶಾಲು ಹೊದಿಸಿದರು. ಹೊದ್ದುಕೊಂಡೆನಲ್ಲ ಅಂತ ಆ ಶಾಲಿನ ಮೇಲೂ ನನಗೆ ಸಿಟ್ಟು. ಸಿಕ್ಕಸಿಕ್ಕವರ ಮುಂದೆ ಅವನನ್ನು ಬೈದೆ.

ಜೇವರ್ಗಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಅವಳಿಗೆ ವಿಡಿಯೋ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಮೂರು ಸಲ ಕೇಳಿದಳು.

“ಅಂವ ಒದರಿದ ಅಕ್ಕಾ. ಎಲ್ಲಾ ಹಾಳ ಮಾಡಿದಂವ ಅಂವನ” ಅಂದೆ.

ಅಕ್ಕ ಫೋನನ್ನು ಮಗುಚಿಟ್ಟು ಪಿಸುಗುಟ್ಟಿದಳು. “ಅಂವಗ ಏನ್ ಗೊತ್ತು ನಮ್ಮ ರಿವಾಜು? ಅದು ಹೇಳಾಕತ್ತಿತ್ತು. ಬಾಯಿ ಹಾಕಿದಾಕಿ ನೀನು.”

ಮೈಯೆಲ್ಲ ಉರಿದುಹೋಯಿತು. ಅಷ್ಟು ದಿನ ಅವನ ಮೇಲೆ ಕಾರಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಏನೋ ಹೇಳಲು ಬಾಯಿ ತೆರೆದೆ. ಅಕ್ಕ ಕೈ ಎತ್ತಿ ತಡೆದಳು.

“ತಡಿ. ನಂದು ಇನ್ನಾ ಮುಗದಿಲ್ಲ.”

ಬಾಯಿ ಮುಚ್ಚಿಕೊಂಡು, ಅವಳು ಉಸಿರು ಕೂಡಿಸಿಕೊಳ್ಳುವ ತನಕ ಕಾಯುತ್ತ ಕೂತೆ.