ಅಟ್ಟದ ಬಿಸಿಯನ್ನು ಹೊರಗೆ ಕಳಿಸಿದ್ದು ನಾನೇ

2022ರ ಡಿಸೆಂಬರ್. ಆಗ ನಾನು ಬಂಗಾರಪೇಟೆಯಲ್ಲಿ ರೇಷ್ಮೆ ಮನೆಗಳಿಗೂ ಕೋಳಿಮರಿ ಶೆಡ್ಡುಗಳಿಗೂ ಹೀಟರು, ಫ್ಯಾನು ಕೂರಿಸಿಕೊಡುವ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು, 2001ರಲ್ಲಿ ಗಣಿ ಮುಚ್ಚುವವರೆಗೆ, ಹದಿನೇಳು ವರ್ಷ ಕೆಜಿಎಫ್‌ನಲ್ಲಿ ವೆಂಟಿಲೇಷನ್ ಸಹಾಯಕನಾಗಿದ್ದೆ. ವೆಂಟಿಲೇಷನ್ ಎಂದರೆ ನೆಲದಡಿಯ ಸುರಂಗಗಳಿಗೆ ಮೇಲಿನ ಗಾಳಿ ಇಳಿಸುವುದು, ಒಳಗಿನ ಕೆಟ್ಟ ಗಾಳಿಯನ್ನೂ ಬಂಡೆಯ ಕಾವನ್ನೂ ಮೇಲಕ್ಕೆತ್ತಿ ಹೊರಗೆ ಹಾಕುವುದು. ಆಳಕ್ಕೆ ಇಳಿದಷ್ಟೂ ಬಂಡೆ ಸುಡುತ್ತಿತ್ತು. ನನ್ನ ಪ್ರಾಯವೆಲ್ಲ ಬಿಸಿಯನ್ನು ಓಡಿಸುವುದರಲ್ಲೇ ಕಳೆಯಿತು.

ಈ ಪ್ರಕರಣವನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನಾನು ಸ್ವಲ್ಪ ಸ್ವಲ್ಪವೇ ಜಾಣನಾಗುತ್ತ ಬಂದಿದ್ದೇನೆ. ಹಾಗಾಗಿ ಈ ಸಲ ಅಂದಿನ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಉಷ್ಣಾಂಶಗಳಿವೆ, ತಾರೀಖುಗಳಿವೆ. ನಾನು ಮಾಡಿದ ಒಂದು ಕೆಲಸದ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ.

ಕರೆಸಿದವಳು ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ನಾಗವೇಣಿ. ಮೂವತ್ತೆರಡರ ಹೆಂಗಸು, ತವರು ಕ್ಯಾಸಂಬಳ್ಳಿ. ಎಂಟು ವರ್ಷ ಬೆಳಗಿನ ಟ್ರೈನು ಹತ್ತಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಹೋಗಿಬಂದವಳು. ಮಗಳನ್ನು ನಿದ್ದೆಯಲ್ಲೇ ಬಿಟ್ಟು ಹೊರಡುತ್ತಿದ್ದಳು, ವಾಪಸ್ ಬರುವಷ್ಟರಲ್ಲಿ ಮಗು ಮತ್ತೆ ಮಲಗಿರುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ತರಬೇತಿ ಪಡೆದು ಮನೆಯ ಅಟ್ಟದಲ್ಲಿ ಹಾಲು ಅಣಬೆ ಎಂಬ ಬಿಳಿ ಜಾತಿಯ ಅಣಬೆ ಬೆಳೆದಳು. ಗಣಿಯ ಕಾಲದ ಹಳೇ ಕ್ವಾರ್ಟರ್ಸ್ ಅದು. ಕೆಳಗೆ ಎರಡೇ ಕೋಣೆ, ಮೇಲೆ ಹಲಗೆಯ ಅಟ್ಟ, ಅದರ ಮೇಲೆ ಕಡಿದಾದ ಹೆಂಚಿನ ಮಾಡು. ಹಾಲು ಅಣಬೆಗೆ ಮೂವತ್ತರಿಂದ ಮೂವತ್ತೈದು ಡಿಗ್ರಿ ಕಾವು ಬೇಕು. ಬೇಸಿಗೆಯಲ್ಲಿ ಹೆಂಚೇ ಅದನ್ನು ಕೊಟ್ಟಿತು. ಎರಡು ಬೆಳೆ ಚೆನ್ನಾಗಿ ಬಂದವು. ಅದೇ ಧೈರ್ಯದಲ್ಲಿ ಕೆಲಸ ಬಿಟ್ಟಳು.

ನವೆಂಬರ್ 24ರಂದು ಮೂರನೇ ಸಲ ಎಂಬತ್ತು ಚೀಲ ತುಂಬಿದಳು. ಬೇಯಿಸಿ ಆರಿಸಿದ ಭತ್ತದ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ತುಂಬಿ, ನಡುನಡುವೆ ಅಣಬೆ ಬೀಜ ಹಾಕುತ್ತಾರೆ. ಇಪ್ಪತ್ತು ದಿನದಲ್ಲಿ ಹುಲ್ಲೆಲ್ಲ ಅಣಬೆಯ ಬೇರಿನಂಥ ಬಿಳಿ ನೂಲು ಕಟ್ಟಬೇಕು. ಅಷ್ಟರಲ್ಲಿ ಕೆಜಿಎಫ್‌ನ ಚಳಿ ಶುರುವಾಯಿತು, ನೂಲು ಅರ್ಧಕ್ಕೇ ನಿಂತಿತು. ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಅವಳ ಜಾಗವನ್ನು ಸಂಕ್ರಾಂತಿಯವರೆಗೆ ಖಾಲಿ ಇಟ್ಟಿರುವುದಾಗಿ ಹೇಳಿದ್ದರು. ಅಷ್ಟರೊಳಗೆ ಅಣಬೆ ಮೂಡದಿದ್ದರೆ ಮತ್ತೆ ಟ್ರೈನಿಗೆ ಹೋಗುವುದೆಂದು ಗಂಡನಿಗೆ ಮಾತು ಕೊಟ್ಟಿದ್ದಳು.

"ಹೆಂಗಾದ್ರೂ ಬೆಚ್ಚಗಿಡಿ ಸಾರ್," ಅಂದಳು. "ನನ್ ಮಗಳು ಈಗೀಗ ಜಡೆ ಹಾಕು ಅಂತ ನನ್ನ ಕೇಳ್ತಾಳೆ. ಮೊದ್ಲು ಅವಳಪ್ಪನ್ನ ಕೇಳ್ತಿದ್ಲು."

ಡಿಸೆಂಬರ್ 6 ಮತ್ತು 7ರಂದು ಕೆಲಸ ಮುಗಿಸಿದೆ. ಹೆಂಚಿನ ಒಳಮೈಗೆ ಥರ್ಮೋಕೋಲ್ ಹಾಳೆ ಹೊಡೆದೆ. ಸಾವಿರ ವ್ಯಾಟ್‌ನ ಹೀಟರು, ಅದಕ್ಕೆ ಥರ್ಮೋಸ್ಟಾಟ್, ಎಂದರೆ ಕಾವು ತಲುಪಿದ ಕೂಡಲೇ ತಾನೇ ಆರಿಸುವ ಸಾಧನ. ಅಣಬೆಯೂ ಉಸಿರಾಡುತ್ತದೆ, ಗಾಳಿ ಬದಲಾಗದಿದ್ದರೆ ಉಸಿರುಕಟ್ಟಿ ಕೆಡುತ್ತದೆ. ಅದಕ್ಕಾಗಿ ಮಾಡಿನ ತುದಿಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಥರ್ಮಾಮೀಟರನ್ನು ನನ್ನ ಎದೆಯ ಮಟ್ಟಕ್ಕೆ ತೂಗುಹಾಕಿದೆ. ಗಣಿಯಲ್ಲಿ ಅಳತೆಯನ್ನು ಮನುಷ್ಯ ನಿಲ್ಲುವಲ್ಲಿ, ಸುರಂಗದ ನಡುಮಟ್ಟದಲ್ಲಿ ತೆಗೆಯುವುದು ರೂಢಿ. ಮೂವತ್ತು ಡಿಗ್ರಿ ತೋರಿಸಿತು ಎಂದು ನೋಟ್‌ಬುಕ್ ಹೇಳುತ್ತದೆ. ನನಗೆ ಇಪ್ಪತ್ತೊಂಬತ್ತು ಎಂದು ನೆನಪು. ನನಗೆ ಬೇಕಾದ ಸಂಖ್ಯೆಯನ್ನೇ ಬರೆದುಕೊಂಡಿರಲೂಬಹುದು.

ನಾಗವೇಣಿಗೆ ಒಂದು ಅಭ್ಯಾಸವಿತ್ತು. ನಾನು ಏನೇ ಹೇಳಲಿ, ಅಲ್ಲೇ ಫೋನ್ ತೆಗೆದು ಕ್ಯಾಸಂಬಳ್ಳಿಗೆ ಹಚ್ಚುತ್ತಿದ್ದಳು. "ಚಿಕ್ಕಮ್ಮ, ಸಾರ್ ಹಿಂಗಂತವ್ರೆ, ಸರೀನಾ?" ಆ ಕಡೆ ಇದ್ದವರು ಅವಳ ತಾಯಿಯ ತಂಗಿ ರತ್ನಮ್ಮ. ಇಪ್ಪತ್ತು ವರ್ಷದಿಂದ ರೇಷ್ಮೆ ಹುಳ ಸಾಕಿದವರು, ಮರಿಹುಳದ ಕೋಣೆಯನ್ನು ಚಳಿಯಲ್ಲಿ ಬೆಚ್ಚಗಿಟ್ಟು ಗೊತ್ತಿದ್ದವರು. ಹದಿನೇಳು ವರ್ಷ ಗಾಳಿಯ ಲೆಕ್ಕ ಮಾಡಿದವನ ಮಾತಿಗೆ ಹುಳ ಸಾಕುವವರ ಒಪ್ಪಿಗೆ ಬೇಕೇ? ನನ್ನ ಹೊಟ್ಟೆಯುರಿ ಶುರುವಾದದ್ದು ಅವರ ಮುಖ ನೋಡುವ ಮೊದಲೇ, ಸ್ಪೀಕರಿನಲ್ಲಿ ಕೇಳಿದ ಒಂದು "ಊಂ" ಎಂಬ ದನಿಗೆ.

ಡಿಸೆಂಬರ್ 14ಕ್ಕೆ ಹನ್ನೊಂದು ಚೀಲದಲ್ಲಿ ಹಸಿರು ಬೂಷ್ಟು ಕಂಡಿತು. ನೂಲು ಬೇಗ ಹಬ್ಬದಿದ್ದರೆ ಆ ಜಾಗವನ್ನು ಬೂಷ್ಟು ಹಿಡಿಯುತ್ತದೆ, ಆ ಚೀಲ ಮತ್ತೆ ಉಪಯೋಗಕ್ಕಿಲ್ಲ. ಮಾರನೇ ದಿನ ರತ್ನಮ್ಮ ಬಸ್ಸಿನಲ್ಲಿ ಬಂದಿಳಿದರು. ಏಣಿ ಹತ್ತಿ ಅಟ್ಟದಲ್ಲಿ ಚೀಲಗಳ ನಡುವೆ ಹಲಗೆಯ ಮೇಲೆ ಕೂತರು. ಆಮೇಲೆ ಸೆರಗಿನ ಗಂಟು ಬಿಚ್ಚುವಷ್ಟು ಸಲೀಸಾಗಿ ನನ್ನ ಲೆಕ್ಕಾಚಾರವನ್ನು ಬಿಚ್ಚತೊಡಗಿದರು.

"ಇಂಜಿನಿಯರ್ ಸಾರ್, ನಿಮ್ ಕಡ್ಡಿ ಏನಂತೈತೆ?"

"ಮೂವತ್ತು."

"ನನ್ ಪಾದ ಹಂಗನ್ನಲ್ಲಪ್ಪ. ತಣ್ಣಗೆ ಕೊರೀತೈತೆ."

ನಾನು ಇಂಜಿನಿಯರ್ ಅಲ್ಲವೆಂಬುದು ಅವರಿಗೆ ಗೊತ್ತಿತ್ತು. "ಪಾದದಿಂದ ಡಿಗ್ರಿ ಅಳೆಯೋಕಾಗಲ್ಲಮ್ಮ," ಎಂದೆ. ಅವರು ನಕ್ಕು, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತರಿಸಿ ಚೀಲಗಳ ಪಕ್ಕ ಹಲಗೆಯ ಮೇಲಿಟ್ಟರು. ಕೊಬ್ಬರಿ ಎಣ್ಣೆ ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಗಡ್ಡೆ ಕಟ್ಟುತ್ತದೆ. ಚಳಿಗಾಲದಲ್ಲಿ ತಲೆಗೆ ಎಣ್ಣೆ ಹಚ್ಚುವ ಯಾರಿಗೂ ಇದು ಹೊಸ ಸಂಗತಿಯಲ್ಲ.

16ರ ಬೆಳಿಗ್ಗೆ ಏಳಕ್ಕೆ ನಾಗವೇಣಿಯ ಫೋನು. "ಸಾರ್, ಎಣ್ಣೆ ಕಲ್ಲಾಗೈತೆ." ನಾನು ಹೋದಾಗ ಒಂಬತ್ತು. ಅವಳು ಮಗಳನ್ನು ಶಾಲೆಗೆ ಹೊರಡಿಸುತ್ತಿದ್ದಳು, ರತ್ನಮ್ಮ ಹಾಲು ತರಲು ಹೋಗಿದ್ದರು. ನಾನೊಬ್ಬನೇ ಏಣಿ ಹತ್ತಿದೆ. ಬಟ್ಟಲು ನೋಡಿದೆ. ಬೆಳ್ಳಗೆ, ಗಟ್ಟಿಯಾಗಿ, ಯಾರದೋ ತೀರ್ಪಿನಂತೆ ಕೂತಿತ್ತು.

ಇಲ್ಲಿ ನೋಟ್‌ಬುಕ್ ಸುಮ್ಮನಿದೆ. ಬಹಳ ದಿನ ನಾನು ನನಗೇ ಹೇಳಿಕೊಂಡದ್ದು, ಓಡಾಡುವಾಗ ಕಾಲು ತಾಗಿ ಬಟ್ಟಲು ಸರಿಯಿತು ಎಂದು. ಕಾಲು ತಾಗಿದರೆ ಒಂದು ಗೇಣು ಸರಿದೀತು. ಬಟ್ಟಲು ಆರಡಿ ದೂರದ ಹೀಟರಿನ ಬಾಯಿಗೇ ಹೋಗಿತ್ತು. ಕೈಯಲ್ಲೇ ಎತ್ತಿಟ್ಟಿರಬೇಕು. ಇಟ್ಟೆ. ಎಣ್ಣೆ ಕರಗಿದ ಮೇಲೆ ಬಟ್ಟಲನ್ನು ವಾಪಸ್ ತಂದು, ಇಬ್ಬರನ್ನೂ ಮೇಲೆ ಕರೆದೆ.

"ಅಟ್ಟದ ಬಾಗಿಲು ತೆಗೆದಿಟ್ಟಿದ್ದಕ್ಕೆ ಬೆಳಿಗ್ಗೆ ತಣ್ಣಗಾಗಿತ್ತು ಅಷ್ಟೆ. ಈಗ ನೋಡಿ, ನೀರಾಗಿದೆ."

ನಾಗವೇಣಿಯ ಮುಖ ಅರಳಿತು. ರತ್ನಮ್ಮ ಎಣ್ಣೆಯನ್ನು ನೋಡಲಿಲ್ಲ, ಹಲಗೆ ನೋಡಿದರು. ಹುಲ್ಲಿನ ಧೂಳಿನಲ್ಲಿ ಬಟ್ಟಲು ಮೊದಲಿದ್ದ ಗುರುತು ಒಂದು ಕಡೆ ಇತ್ತು, ಬಟ್ಟಲು ಒಂದಿಷ್ಟು ಆಚೆಗಿತ್ತು. ಅವರ ಮನೆಯಲ್ಲಿ ಹುಳ ಜ್ವರಕ್ಕೆ ಕೂತಿದ್ದವು, ಎಂದರೆ ಪೊರೆ ಬಿಡುವ ಸಮಯ. ಬಿಟ್ಟಿರುವ ಹಾಗಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಮುಂದಿನ ನಾಲ್ಕು ದಿನ ನಾನು ಗೆದ್ದವನ ಹಾಗೆ ಓಡಾಡಿದೆ. ನಾಗವೇಣಿ ಆ ನಾಲ್ಕು ದಿನ ಕ್ಯಾಸಂಬಳ್ಳಿಗೆ ಫೋನ್ ಮಾಡಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಇರಬೇಕು. 20ರಂದು ಇನ್ನೂ ಒಂಬತ್ತು ಚೀಲ ಹಸಿರಾದವು. ಉಳಿದದ್ದು ಅರವತ್ತು.

ನಾಗವೇಣಿ ಮತ್ತೆ ಕ್ಯಾಸಂಬಳ್ಳಿಗೆ ಫೋನ್ ಹಚ್ಚಿದಳು, ಅವತ್ತೇ ರತ್ನಮ್ಮ ಬಂದರು. ಈ ಸಲ ಮೂರು ಬಟ್ಟಲು: ಒಂದು ಹಲಗೆಯ ಮೇಲೆ, ಒಂದು ಸೊಂಟದ ಎತ್ತರದಲ್ಲಿ, ಒಂದು ತೊಲೆಯ ಮೇಲೆ. ರಾತ್ರಿಯೆಲ್ಲ ಹಾಗೇ ಇಟ್ಟು, 21ರ ಬೆಳಿಗ್ಗೆ ನನ್ನನ್ನು ಕರೆಸಿದರು. ಕೆಳಗಿನದು ಕಲ್ಲು. ನಡುವಿನದು ಅಂಚಿನಲ್ಲಿ ಮಾತ್ರ ಗಟ್ಟಿ. ತೊಲೆಯ ಮೇಲಿನದು ನೀರು.

"ನಿಮ್ ಕಡ್ಡಿ ಸುಳ್ಳೇಳಿಲ್ಲ ಸಾರ್," ಅಂದರು. "ಅದು ಇರೋ ಕಡೆ ಮೂವತ್ತೇ. ಆದ್ರೆ ಚೀಲ ಅಲ್ಲಿಲ್ಲವಲ್ಲ."

ಆಮೇಲೆ ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿ ಹೀಟರಿನ ಮುಂದೆ ಹಿಡಿದರು. ಹೊಗೆ ಒಂದು ಗೆರೆಯಾಗಿ ಎದ್ದು, ಎಲ್ಲೂ ನಿಲ್ಲದೆ, ನಾನು ಕೂರಿಸಿದ ಎಕ್ಸಾಸ್ಟ್ ಫ್ಯಾನಿನೊಳಗೆ ಹೋಗಿ ಮಾಯವಾಯಿತು.

"ಕರೆಂಟ್ ಸುಟ್ಟು ಆಕಾಶನ ಕಾಯಿಸ್ತಾ ಇದೀವಾ ಸಾರ್?"

ನಾಗವೇಣಿ ನಗು ತಡೆಯಲು ಬಾಯಿಗೆ ಸೆರಗು ಅಡ್ಡ ಹಿಡಿದಳು. ನನಗೆ ಆ ನಗುವಿಗಿಂತ ಹೊಗೆ ಹೆಚ್ಚು ಚುಚ್ಚಿತು. ಗಾಳಿ ಎತ್ತ ಹೋಗುತ್ತದೆಂದು ಹೊಗೆ ಬಿಟ್ಟು ನೋಡುವುದು ನನ್ನ ಕಸುಬು. ಸುರಂಗದಲ್ಲಿ ಎಷ್ಟು ಸಾವಿರ ಸಲ ಮಾಡಿದ್ದೆನೋ. ಈ ಅಟ್ಟದಲ್ಲಿ ಒಮ್ಮೆಯೂ ಮಾಡಲಿಲ್ಲ. ಬಿಸಿಗಾಳಿ ಕಂಡರೆ ಮೇಲೊಂದು ದಾರಿ ಮಾಡಿ ಹೊರಗೆ ಕಳಿಸುವುದು ನನ್ನ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಬಿಸಿಯನ್ನು ಉಳಿಸಲು ಕರೆಸಿದವರ ಮನೆಯಲ್ಲೂ ಅದನ್ನೇ ಮಾಡಿದ್ದೆ. ನನ್ನ ಕಸುಬಿನ ಉಪಕರಣ ಇನ್ನೊಬ್ಬರ ಕೈಯಲ್ಲಿ ನನಗಿಂತ ಚೆನ್ನಾಗಿ ಕೆಲಸ ಮಾಡುವುದನ್ನು ನಿಂತು ನೋಡಬೇಕಾಯಿತು.

ಅವತ್ತೇ ಎಲ್ಲ ಬದಲಿಸಿದೆ. ಮೇಲಿನ ಕಂಡಿ ಮುಚ್ಚಿ, ಫ್ಯಾನನ್ನು ಹಲಗೆಗೆ ತಾಗಿದಂತೆ ಗೋಡೆಯ ಬುಡದಲ್ಲಿ ಕೂರಿಸಿದೆ. ಕೆಳಗೆ ಸೇರುವ ತಣ್ಣನೆಯ ಕೆಟ್ಟ ಗಾಳಿ ಅಲ್ಲಿಂದ ಹೋಗುತ್ತದೆ, ಬಿಸಿ ಮೇಲೆ ಉಳಿಯುತ್ತದೆ. ರತ್ನಮ್ಮ ತಮ್ಮ ರೇಷ್ಮೆ ಮನೆಯಿಂದ ಮೂರು ತಟ್ಟೆ ಸ್ಟ್ಯಾಂಡ್‌ಗಳನ್ನು ಟೆಂಪೋದಲ್ಲಿ ತರಿಸಿದರು. ಅರವತ್ತು ಚೀಲವೂ ನೆಲ ಬಿಟ್ಟು ಮೇಲೇರಿದವು. ಸಾಮಾನು ಎತ್ತಿಕೊಡುವಾಗ ರತ್ನಮ್ಮ, ನನಗೊಬ್ಬನಿಗೇ ಕೇಳುವಂತೆ, "ಬಟ್ಲಿಗೂ ಕಾಲು ಬರ್ತಾವಾ ಸಾರ್?" ಎಂದರು. ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಅವರು ಅದನ್ನು ನಾಗವೇಣಿಗೆ ಹೇಳಲಿಲ್ಲ. ಹೇಳಿದ್ದರೆ ಅವರ ಮೇಲೆ ಸಿಟ್ಟಾಗಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ. ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದರಲ್ಲ ಎಂದು ಇನ್ನಷ್ಟು ಉರಿಯಿತು.

ಜನವರಿ 3ಕ್ಕೆ ಚೀಲಗಳು ಬೆಳ್ಳಗಾದವು. ಅಣಬೆ ಮೂಡಲೆಂದು ಚೀಲದ ಬಾಯಿ ಕತ್ತರಿಸಿ ಮೇಲುಮಣ್ಣು ಹಾಕಿದರು. 13ರ ಬೆಳಿಗ್ಗೆ ಮೂರು ಚೀಲದಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಬಿಳಿ ಮೊಗ್ಗುಗಳು ಕಂಡವು. ಅರವತ್ತರಲ್ಲಿ ಮೂರೇ. ಸೂಪರ್‌ವೈಸರಿಗೆ ಅವತ್ತೇ ಉತ್ತರ ಹೇಳಬೇಕಿತ್ತು. ನಾಗವೇಣಿ ಫೋನ್ ಕೈಯಲ್ಲಿ ಹಿಡಿದೇ ಅಟ್ಟದಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಂದು ಬೆಳಿಗ್ಗೆಯಷ್ಟೇ ಬಂದಿದ್ದ ರತ್ನಮ್ಮ, ಎದುರಿಗೆ ನಾನು.

"ಚಿಕ್ಕಮ್ಮ, ಇವು ನಿಲ್ತಾವಾ? ನಾಕ್ ದಿನ ಇದ್ದು ಬಾಡೋದಾದ್ರೆ ಈಗ್ಲೇ ಹೇಳು. ನಾಳೆ ಕೆಲಸಾನೂ ಇರಲ್ಲ, ಇದೂ ಇರಲ್ಲ."

"ನಂಗೆ ಹುಳ ಗೊತ್ತು ಕಣೇ, ಅಣಬೆ ಗೊತ್ತಿಲ್ಲ," ಎಂದರು ರತ್ನಮ್ಮ. "ಇನ್ ಹತ್ತು ದಿನ ಗಾಳಿ, ಕಾವು ಒಂದೇ ಸಮ ಇರ್ಬೇಕು. ಅದು ಸಾರ್ ಕೆಲಸ. ಅವ್ರನ್ನ ಕೇಳು."

ಇಬ್ಬರೂ ನನ್ನತ್ತ ತಿರುಗಿದರು. ನಾನು ಇಷ್ಟು ದಿನ ಹೊಟ್ಟೆಯುರಿದುಕೊಂಡು ಬಯಸಿದ ಸ್ಥಾನ ಅದೇ ಆಗಿತ್ತು. ಈಗ ಅವಳು ನನ್ನ ಮಾತಿನ ಮೇಲೆ ಎಂಟು ವರ್ಷದ ಕೆಲಸಕ್ಕೆ ಮರಳುವ ದಾರಿಯನ್ನೇ ಬಿಡಲು ಹೊರಟಿದ್ದಳು.

"ಇಡಬಲ್ಲೆ ನಾಗವೇಣಿ," ಎಂದೆ. "ಆದರೆ ನಂಬೋ ಮೊದಲು ಒಂದು ಗೊತ್ತಿರಲಿ. ಅವತ್ತು ಎಣ್ಣೆ ತಾನಾಗಿ ಕರಗಲಿಲ್ಲ. ಹೀಟರ್ ಹತ್ತಿರ ಇಟ್ಟು ಕರಗಿಸಿದ್ದು ನಾನು. ಆಮೇಲೆ ಹೋದ ಒಂಬತ್ತು ಚೀಲ ನನ್ನಿಂದ ಹೋದವು."

ಅವಳು ಕೈಯಲ್ಲಿದ್ದ ಫೋನನ್ನು ಹಲಗೆಯ ಮೇಲಿಟ್ಟಳು. ಕೆಳಗೆ ಮಗಳು ಪುಸ್ತಕ ಓದುತ್ತಿದ್ದ ದನಿ ಕೇಳುತ್ತಿತ್ತು.

"ಯಾಕ್ ಸಾರ್?"

"ನಿಮ್ಮ ಚಿಕ್ಕಮ್ಮನ ಮಾತು ನಿಜವಾಗೋದು ನನಗೆ ಬೇಕಿರಲಿಲ್ಲ."

"ಅಯ್ಯಯ್ಯೋ, ನನ್ ಮೇಲೆ ಹೊಟ್ಟೆಕಿಚ್ಚು ಪಡೋರೂ ಅವ್ರಾ ಈ ಲೋಕ್ದಾಗೆ!" ಎಂದು ರತ್ನಮ್ಮ ನಿಜವಾಗಿಯೂ ಆಶ್ಚರ್ಯಪಟ್ಟರು. ನಾಗವೇಣಿ ನಗಲಿಲ್ಲ.

"ನಿಮ್ ಮೇಲೆ ಕೋಪ ಮಾಡ್ಕಳಕ್ಕೂ ನಂಗೀಗ ಟೈಮಿಲ್ಲ ಸಾರ್," ಎಂದಳು. "ನಾಳೆಯಿಂದ ದಿನಾ ಬೆಳಿಗ್ಗೆ ಆರಕ್ಕೆ ಬನ್ನಿ. ಕಡ್ಡೀನ ಚೀಲದ ಪಕ್ಕ ಇಡಿ." ಆಮೇಲೆ ಅಲ್ಲೇ ಕೂತು ನಂಬರ್ ಒತ್ತಿದಳು. "ಸಾರ್, ನಾನು ನಾಗವೇಣಿ. ನನ್ ಜಾಗಕ್ಕೆ ಬೇರೆಯವರನ್ನ ಹಾಕ್ಕೊಳ್ಳಿ."

ಹನ್ನೆರಡು ದಿನ ಬಂಗಾರಪೇಟೆಯಿಂದ ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತಿದ್ದೆ. ಹಬ್ಬದ ದಿನವೂ ಹೋದೆ. ಅರವತ್ತರಲ್ಲಿ ಐವತ್ತೆರಡು ಚೀಲ ಬೆಳೆ ಕೊಟ್ಟವು. ಅವಳು ಮತ್ತೆ ಟ್ರೈನು ಹತ್ತಲಿಲ್ಲ.

ಅಳತೆಯನ್ನು ನಾವು ನಿಂತ ಕಡೆ ತೆಗೆಯಬಾರದು, ಬೆಳೆ ಇರುವಲ್ಲಿ ತೆಗೆಯಬೇಕು ಎಂಬುದು ಆ ಕೆಲಸದಿಂದ ಕಲಿತ ಪಾಠ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಕಾಮಸಮುದ್ರದಿಂದ ಒಬ್ಬರು ಫೋನ್ ಮಾಡಿದರು. ಅವರ ಅಟ್ಟದಲ್ಲೂ ಅಣಬೆ, ಅಲ್ಲೂ ಚಳಿ. ನನ್ನನ್ನು ಬರಲು ಕೇಳಿಕೊಂಡಾರು ಎಂದು ಕಾದೆ. ಅವರು ಕೇಳಿದ್ದು ರತ್ನಮ್ಮನವರ ನಂಬರು. ಹೇಳಿದೆ. ಫೋನ್ ಇಟ್ಟ ಮೇಲೆ, ಒಂದು ಅಂಕಿ ತಪ್ಪಿ ಹೇಳಿದೆನೆಂದು ಹೊಳೆಯಿತು. ಮರೆವೋ ಮತ್ತೊಂದೋ, ಈಗಲೂ ಪ್ರಮಾಣ ಮಾಡಿ ಹೇಳಲಾರೆ. ಹೊಟ್ಟೆಕಿಚ್ಚು ವಯಸ್ಸಾದರೆ ಆರುತ್ತದೆಂದು ಕಾಯುವುದು ಬೇಡ. ತಪ್ಪನ್ನು ಮಾತ್ರ, ಒಂದು ಚೀಲವಾದರೂ ಉಳಿದಿರುವಾಗಲೇ ತಿದ್ದಬೇಕು. ಎರಡು ನಿಮಿಷದೊಳಗೆ ನಾನೇ ತಿರುಗಿ ಫೋನ್ ಮಾಡಿ, ಸರಿಯಾದ ನಂಬರನ್ನು ಎರಡು ಸಲ ಹೇಳಿ, ಅವರಿಂದ ಒಂದು ಸಲ ಹೇಳಿಸಿದೆ.